ಹಿಂಕೊಂಡಿ ಮತ್ತು ವಿಷಯವಸ್ತು

ಹಿಂಕೊಂಡಿ ಅಥವಾ ಬ್ಯಾಕ್‌ಲಿಂಕ್ ಎಂದರೆ ಒಂದು ಜಾಲತಾಣದ ಪುಟದಿಂದ ಮತ್ತೊಂದು ತಾಣದ ಪುಟಕ್ಕೆ ನೀಡಲಾದ ಕೊಂಡಿ. ಪುಟದಲ್ಲಿರುವ ಬರಹ, ಚಿತ್ರ ಮುಂತಾದವು ಅದರ ವಿಷಯವಸ್ತು. ಶೋಧಯಂತ್ರದ ಫಲಿತಾಂಶಗಳಲ್ಲಿ ಪುಟವನ್ನು ಮೇಲಕ್ಕೆ ತರುವ ಸರ್ಚ್ ಎಂಜಿನ್ ಆಪ್ಟಿಮೈಸೇಷನ್‌ನಲ್ಲಿ ಇವೆರಡೂ ಪ್ರಮುಖ ಅಂಶಗಳಾಗಿವೆ.

ಹಿನ್ನೆಲೆ

ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಪೇಜ್‌ರ‍್ಯಾಂಕ್ ವಿಧಾನವು ಕೊಂಡಿಯನ್ನು ಮತದಂತೆ ಪರಿಗಣಿಸಿತು. ಮಹತ್ವದ ಪುಟ ನೀಡಿದ ಕೊಂಡಿಗೆ ಹೆಚ್ಚು ತೂಕವಿತ್ತು. 1998ರಲ್ಲಿ ಸ್ಥಾಪನೆಯಾದ ಗೂಗಲ್‌ಗೆ ಇದೇ ತಳಹದಿಯಾಯಿತು. ಕ್ರಮೇಣ ಕೊಂಡಿಗಳನ್ನು ಹಣಕ್ಕೆ ಕೊಳ್ಳುವ ರೂಢಿ ಬೆಳೆಯಿತು. ಗೂಗಲ್‌ನ 2011ರ ಪಾಂಡಾ ಪರಿಷ್ಕರಣೆಯು ಸತ್ವಹೀನ ಬರಹಗಳನ್ನೂ, 2012ರ ಪೆಂಗ್ವಿನ್ ಪರಿಷ್ಕರಣೆಯು ಕೃತಕ ಕೊಂಡಿಗಳನ್ನೂ ಹಿಂದಕ್ಕೆ ತಳ್ಳಿದವು.

ಉದಾಹರಣೆ

ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ ಭಾಗದ ಚರ್ಮದ ಚಪ್ಪಲಿಗಳು ಬಹುಕಾಲದಿಂದ ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿವೆ. 2019ರಲ್ಲಿ ಇವುಗಳಿಗೆ ದೊರೆತ ಭೌಗೋಳಿಕ ಗುರುತು ಮಹಾರಾಷ್ಟ್ರದ 4 ಹಾಗೂ ಬೆಳಗಾವಿ ಸೇರಿದಂತೆ ಕರ್ನಾಟಕದ 4 ಜಿಲ್ಲೆಗಳಿಗೆ ಅನ್ವಯಿಸುತ್ತದೆ. ಅಥಣಿಯ ಕುಶಲಕರ್ಮಿಯ ಪುಟದಲ್ಲಿ ‘ಕೊಲ್ಹಾಪುರಿ’ ಎಂದಷ್ಟೇ ಇದ್ದರೆ, ‘ಅಥಣಿ ಚಪ್ಪಲಿ’ ಎಂದು ಹುಡುಕುವವರಿಗೆ ಅದು ಸಿಗುವ ಸಂಭವ ಕಡಿಮೆ. ಊರಿನ ಹೆಸರು, ಚರ್ಮ ಹದಮಾಡುವ ಮತ್ತು ಹೊಲಿಯುವ ಕ್ರಮಗಳನ್ನು ಕನ್ನಡದಲ್ಲಿಯೂ ವಿವರಿಸಿದಾಗ ಪುಟಕ್ಕೂ ಪ್ರಶ್ನೆಗೂ ಇರುವ ಸಂಬಂಧ ಯಂತ್ರಕ್ಕೆ ಸ್ಪಷ್ಟವಾಗುತ್ತದೆ. ನಿಪ್ಪಾಣಿ–ನಿಪಾಣಿ, ಚಿಕ್ಕೋಡಿ–ಚಿಕೋಡಿ ಎಂಬಂತಹ ಕಾಗುಣಿತ ಭೇದಗಳನ್ನೂ ಗಮನಿಸಬೇಕಾಗುತ್ತದೆ.

ಪರಸ್ಪರ ಸಂಬಂಧ

ವಿಷಯವಸ್ತುವು ಪುಟದ ಪ್ರಸ್ತುತತೆಯನ್ನು ತಿಳಿಸಿದರೆ, ಹಿಂಕೊಂಡಿಯು ಅದರ ಬಗೆಗಿನ ಇತರರ ವಿಶ್ವಾಸವನ್ನು ಸೂಚಿಸುತ್ತದೆ. ಒಂದೇ ವಿಷಯದ ಹಲವು ಉತ್ತಮ ಪುಟಗಳಿದ್ದಾಗ ಪತ್ರಿಕೆ, ವಿದ್ಯಾಸಂಸ್ಥೆಗಳಂತಹ ತಾಣಗಳ ಕೊಂಡಿಗಳು ನಿರ್ಣಾಯಕವಾಗಬಹುದು. ಆದರೆ ಪುಟದಲ್ಲಿ ಇಲ್ಲದ ಮಾಹಿತಿಯನ್ನು ಯಾವ ಕೊಂಡಿಯೂ ಒದಗಿಸಲಾರದು.