ಮತವೋ, ಜನಾಂಗವೋ

ಕ್ರಿ.ಶ. 70ರಲ್ಲಿ ರೋಮನ್ ಸೇನೆ ಜೆರೂಸಲೆಮಿನ ದೇವಾಲಯವನ್ನು ಸುಟ್ಟು ಕೆಡವಿದ ಮೇಲೆ ಹದಿನೆಂಟು ಶತಮಾನಗಳವರೆಗೆ ಯೆಹೂದ್ಯರು ಆ ನಗರವನ್ನು ತಮ್ಮ ನಿತ್ಯಕರ್ಮಗಳಲ್ಲಿಯೇ ಕಾಪಾಡಿಕೊಂಡು ಬಂದರು. ದಿನಕ್ಕೆ ಮೂರು ಸಲ ಪ್ರಾರ್ಥನೆಗೆ ನಿಲ್ಲುವಾಗ ಅವರ ಮುಖ ಆ ದಿಕ್ಕಿಗೆ. ಮದುವೆಯ ಚಪ್ಪರದಡಿಯಲ್ಲಿ ವರನು ಗಾಜಿನ ಬಟ್ಟಲೊಂದನ್ನು ತುಳಿದು ಒಡೆಯುವುದು ಹಾಳಾದ ದೇವಾಲಯದ ಸ್ಮರಣೆಗೆ. ಹೊಸ ಮನೆ ಕಟ್ಟಿಸಿದವನು ಗೋಡೆಯಲ್ಲಿ ಒಂದು ಮೊಳದಷ್ಟು ಜಾಗಕ್ಕೆ ಗಾರೆ ಬಳಿಯದೆ ಬಿಡುವುದೂ ಅದೇ ಶೋಕಕ್ಕೆ. ಪರದೇಶದಲ್ಲಿ ಸತ್ತವನ ಗೋರಿಯಲ್ಲಿ, ದೊರೆತರೆ, ಆ ನೆಲದ ಒಂದು ಹಿಡಿ ಮಣ್ಣು. ಪೋಲೆಂಡಿನ ಹಳ್ಳಿಯಲ್ಲಿದ್ದವನಿಗೂ ಯೆಮನಿನ ಬೆಟ್ಟದಲ್ಲಿದ್ದವನಿಗೂ ನಮ್ಮ ಕೊಚ್ಚಿಯ ಕಡಲತಡಿಯಲ್ಲಿದ್ದವನಿಗೂ ಈ ಹಂಬಲ ಸಮಾನವಾಗಿದ್ದಿತು.

ಆದರೆ ಈ ಹಂಬಲವನ್ನೇ, ಯೆಹೂದ್ಯರು ಒಂದು ರಾಷ್ಟ್ರವಾಗಿ ಆ ನೆಲದಲ್ಲಿ ನೆಲೆ ಕಟ್ಟಬೇಕೆಂಬ ಆಧುನಿಕ ಚಳವಳಿಯಾದ ಜಿಯೋನ್‌ವಾದವೆಂದು ಎಣಿಸಿದರೆ ಚರಿತ್ರೆಗೆ ಅಪಚಾರ ಮಾಡಿದಂತಾಗುವುದು. ಹಿಂದಿರುಗುವಿಕೆ ಭಗವಂತನ ಕಾರ್ಯ, ಉದ್ಧಾರಕನಾದ ಮೆಸ್ಸೀಯನ ಆಗಮನದೊಡನೆ ತಾನಾಗಿ ಘಟಿಸತಕ್ಕದ್ದು, ಮನುಷ್ಯನು ಆತುರಪಟ್ಟು ಆ ಘಳಿಗೆಯನ್ನು ಮುಂದಕ್ಕೆಳೆಯಲಾಗದು ಎಂಬುದು ಪೂರ್ವಿಕರ ನಿಶ್ಚಯವಾಗಿದ್ದಿತು. ಜೆರೂಸಲೆಮಿಗೂ ಹೆಬ್ರಾನಿಗೂ ಹೋಗುತ್ತಿದ್ದವರು ಬಹುಮಟ್ಟಿಗೆ ಅಲ್ಲಿಯೇ ಸಾಯಬೇಕೆಂದು ಹೋದ ವೃದ್ಧರು, ಇಲ್ಲವೆ ದೂರದೇಶದ ಬಂಧುಗಳು ಕಳುಹಿಸುವ ದಾನದ್ರವ್ಯದಲ್ಲಿ ವೇದಾಭ್ಯಾಸ ಮಾಡುವ ಶಾಸ್ತ್ರಿಗಳು. ಅಲ್ಲದೆ, ಯೆಹೂದ್ಯನೆಂದರೆ ಯಾರು ಎಂಬ ಪ್ರಶ್ನೆಯೇ ಆ ಕಾಲದಲ್ಲಿ ಹುಟ್ಟಿರಲಿಲ್ಲ. ಮತ, ಕಾನೂನು, ಲಿಪಿ, ಆಹಾರನಿಯಮ, ಕೇರಿ, ನೆಂಟಸ್ತನ ಎಲ್ಲವೂ ಒಂದೇ ಹೆಣಿಗೆಯಲ್ಲಿ ಸೇರಿಹೋಗಿದ್ದಾಗ ಇದರಲ್ಲಿ ಮತದ ಎಳೆ ಯಾವುದು, ಜನಾಂಗದ ಎಳೆ ಯಾವುದು ಎಂದು ಬಿಡಿಸಿ ನೋಡುವ ಅಗತ್ಯ ಯಾರಿಗಿತ್ತು?

ಆ ಅಗತ್ಯವನ್ನು ತಂದುದು ಫ್ರಾನ್ಸಿನ ಮಹಾಕ್ರಾಂತಿ. 1791ರಲ್ಲಿ ಅಲ್ಲಿನ ರಾಷ್ಟ್ರಸಭೆ ಯೆಹೂದ್ಯರಿಗೆ ಸಮಾನ ಪೌರತ್ವವನ್ನು ದಯಪಾಲಿಸಿತು. ಆದರೆ ಅದು ವ್ಯಕ್ತಿಗೆ ಸಂದ ಹಕ್ಕೇ ಹೊರತು ರಾಜ್ಯದೊಳಗೊಂದು ಪ್ರತ್ಯೇಕ ಜನಾಂಗವಾಗಿ ನಿಲ್ಲಬಯಸುವ ಸಮುದಾಯಕ್ಕೆ ಸಂದುದಾಗಿರಲಿಲ್ಲ. 1806ರಲ್ಲಿ ನೆಪೋಲಿಯನ್ ಯೆಹೂದ್ಯ ಪ್ರಮುಖರನ್ನು ಪ್ಯಾರಿಸಿಗೆ ಕರೆಸಿ ಹನ್ನೆರಡು ಪ್ರಶ್ನೆಗಳನ್ನು ಮುಂದಿಟ್ಟಾಗ, ಫ್ರಾನ್ಸನ್ನು ಸ್ವದೇಶವೆಂದು ಭಾವಿಸುವಿರಾ ಎಂಬುದೂ ಅವುಗಳಲ್ಲೊಂದಾಗಿತ್ತು. ಅವರು ಹೌದೆಂದರು, ಮನಃಪೂರ್ವಕವಾಗಿಯೇ ಹೌದೆಂದರು. ಜರ್ಮನಿಯಲ್ಲಿ ಸುಧಾರಣಾವಾದಿಗಳು ಪ್ರಾರ್ಥನಾಗ್ರಂಥದಿಂದ ಜಿಯೋನಿಗೆ, ಎಂದರೆ ಜೆರೂಸಲೆಮಿಗೆ, ಮರಳುವ ಬೇಡಿಕೆಗಳನ್ನು ತೆಗೆದುಹಾಕಿ, ತಾವು ಮೋಸೆಯ ಮತವನ್ನು ಅನುಸರಿಸುವ ಜರ್ಮನರೆಂದು ಹೇಳಿಕೊಂಡರು. 1885ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ನೆರೆದ ಸುಧಾರಣಾಪಂಥದ ರಬ್ಬಿಗಳು, ಎಂದರೆ ಧರ್ಮಗುರುಗಳು, ತಾವಿನ್ನು ಜನಾಂಗವಲ್ಲ, ಕೇವಲ ಧರ್ಮಸಮುದಾಯವೆಂದು ಸ್ಪಷ್ಟವಾಗಿ ಸಾರಿದರು. ಈ ನಿಲುವನ್ನು ಹೇಡಿತನವೆಂದು ಅನಂತರದವರು ಹಳಿದುದುಂಟು. ನನಗೆ ಅದು ಅನ್ಯಾಯವಾಗಿ ತೋರುತ್ತದೆ. ಕೊಟ್ಟ ಮಾತನ್ನು ಆಧುನಿಕ ಯೂರೋಪು ಉಳಿಸಿಕೊಳ್ಳುವುದೆಂದು ನಂಬಿದ ಸಜ್ಜನರ ಪ್ರಾಮಾಣಿಕ ಒಪ್ಪಂದವದು.

ಮಾತು ಮೊದಲು ಮುರಿದುದು ಪೂರ್ವದಲ್ಲಿ. ರಷ್ಯದ ಚಕ್ರವರ್ತಿಗಳು ಐವತ್ತು ಲಕ್ಷದಷ್ಟಿದ್ದ ಯೆಹೂದ್ಯ ಪ್ರಜೆಗಳನ್ನು ಪಶ್ಚಿಮದ ಪ್ರಾಂತಗಳಲ್ಲಿ ಗೆರೆ ಕೊರೆದು ಕೂಡಿಟ್ಟಿದ್ದರು. 1881ರಲ್ಲಿ ಎರಡನೆಯ ಅಲೆಕ್ಸಾಂಡರನು ಕ್ರಾಂತಿಕಾರರ ಬಾಂಬಿಗೆ ಬಲಿಯಾದಾಗ ಅದರ ಸೇಡು ಅಮಾಯಕ ಕೇರಿಗಳ ಮೇಲೆ ತಿರುಗಿ, ದಕ್ಷಿಣ ರಷ್ಯದ ಊರೂರುಗಳಲ್ಲಿ ಲೂಟಿ ಹಿಂಸೆಗಳು ನಡೆದವು. ಮರುವರ್ಷ ಸರ್ಕಾರವು ಪೀಡಿತರ ಮೇಲೆಯೇ ಹೊಸ ನಿರ್ಬಂಧಗಳನ್ನು ಹೇರಿತು. ಒಡೆಸ್ಸದ ವೈದ್ಯ ಲಿಯಾನ್ ಪಿನ್‌ಸ್ಕರ್, ಅದುವರೆಗೆ ಯೆಹೂದ್ಯರು ರಷ್ಯನ್ ಸಂಸ್ಕೃತಿಯಲ್ಲಿ ಬೆರೆತುಹೋಗಬೇಕೆಂದು ವಾದಿಸುತ್ತಿದ್ದವನು, 1882ರಲ್ಲಿ ಜರ್ಮನ್ ಭಾಷೆಯಲ್ಲಿ ಒಂದು ಕಿರುಹೊತ್ತಗೆಯನ್ನು ಬರೆದು, ಯೆಹೂದ್ಯದ್ವೇಷವು ವಂಶಾನುಗತವಾಗಿ ಬರುವ ಮನೋವ್ಯಾಧಿಯೆಂದೂ ಅನ್ಯರ ಅನುಗ್ರಹದಿಂದ ಬಿಡುಗಡೆ ದೊರೆಯದೆಂದೂ ತಮಗೊಂದು ನೆಲ ಬೇಕೆಂದೂ ಹೇಳಿದನು. ಆದರೆ ಜನರ ಕಾಲು ನಡೆದುದು ಬೇರೆ ಕಡೆಗೆ. 1881ರಿಂದ 1914ರವರೆಗೆ ಸುಮಾರು ಇಪ್ಪತ್ತು ಲಕ್ಷ ಯೆಹೂದ್ಯರು ಅಮೆರಿಕಕ್ಕೆ ಹಡಗು ಹತ್ತಿದರು. ಪ್ಯಾಲೆಸ್ತೀನಿಗೆ ಹೋದವರು ಕೆಲವು ಹತ್ತು ಸಾವಿರ ಮಾತ್ರ. ಜಿಯೋನ್‌ವಾದದ ಚರಿತ್ರೆಯನ್ನು ಓದುವವರು ಈ ಎರಡು ಸಂಖ್ಯೆಗಳನ್ನು ಮರೆಯಲಾಗದು.

ಥಿಯೊಡೊರ್ ಹರ್ಜಲನು ರಂಗಕ್ಕೆ ಬಂದುದು ಇದರ ಮೇಲೆ. 1860ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿ, ವಿಯೆನ್ನದಲ್ಲಿ ನ್ಯಾಯಶಾಸ್ತ್ರ ಓದಿ, ನಾಟಕಕಾರನೂ ಪತ್ರಿಕೋದ್ಯೋಗಿಯೂ ಆದ ಈತ ಒಮ್ಮೆ ವಿಯೆನ್ನದ ಯೆಹೂದ್ಯ ಬಾಲಕರನ್ನೆಲ್ಲ ಹಾಡುಹಗಲಿನಲ್ಲಿ ಮೆರವಣಿಗೆಯಾಗಿ ಕರೆದೊಯ್ದು ಸೇಂಟ್ ಸ್ಟೀಫನ್ ಚರ್ಚಿನಲ್ಲಿ ದೀಕ್ಷಾಸ್ನಾನ ಮಾಡಿಸಿಬಿಟ್ಟರೆ ಸಮಸ್ಯೆ ತೀರುವುದೆಂದು ಕನಸು ಕಂಡಿದ್ದನು. ವಿಯೆನ್ನದ ನಗರರಾಜಕೀಯದಲ್ಲಿ ಬೆಳೆಯುತ್ತಿದ್ದ ದ್ವೇಷವೂ, ಪ್ಯಾರಿಸಿನಲ್ಲಿ ಬಾತ್ಮೀದಾರನಾಗಿ ಕಂಡ ಡ್ರೈಫಸ್ ಪ್ರಕರಣವೂ ಆ ಕನಸನ್ನು ಅಳಿಸಿದವು. ಸಮಾನತೆಯನ್ನು ಮೊದಲು ಕೊಟ್ಟ ದೇಶದಲ್ಲಿಯೇ ನಿರಪರಾಧಿಯಾದ ಯೆಹೂದ್ಯ ಸೇನಾಧಿಕಾರಿಯೊಬ್ಬನನ್ನು ದೇಶದ್ರೋಹಿಯೆಂದು ಅವಮಾನಿಸಿದ್ದು ಕಂಡ ಮೇಲೆ, 1896ರಲ್ಲಿ ಆತನು 'ಯೆಹೂದ್ಯ ರಾಜ್ಯ'ವೆಂಬ ತನ್ನ ಪುಸ್ತಿಕೆಯನ್ನು ಪ್ರಕಟಿಸಿದನು. ಅದರಲ್ಲಿ ಅರ್ಜೆಂಟೀನವನ್ನೂ ಪ್ಯಾಲೆಸ್ತೀನನ್ನೂ ಎರಡು ಸಾಧ್ಯತೆಗಳಾಗಿ ತೂಗಿ ನೋಡಿದ್ದಾನೆ.

ಮರುವರ್ಷ ಆಗಸ್ಟ್ 29ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಪ್ರಥಮ ಜಿಯೋನ್ ಮಹಾಸಭೆ ನೆರೆಯಿತು. ಸಭೆ ಮ್ಯೂನಿಕ್ಕಿನಲ್ಲಿ ಸೇರಬೇಕಾಗಿದ್ದಿತು. ತಮ್ಮ ದೇಶಭಕ್ತಿಯ ಮೇಲೆ ಸಂಶಯ ಹುಟ್ಟೀತೆಂದು ಅಲ್ಲಿಯ ಯೆಹೂದ್ಯ ಸಮಾಜವೇ ಒಲ್ಲೆನೆಂದಿತು. ಬಾಸೆಲಿನಲ್ಲಿ ಕೂಡಿದ ಸುಮಾರು ಇನ್ನೂರು ಪ್ರತಿನಿಧಿಗಳಿಗೆ ಹರ್ಜಲನು ವಿಧಿಸಿದ ನಿಯಮ, ಉದ್ಘಾಟನೆಗೆ ಕಪ್ಪು ಬಾಲದಂಗಿ ಮತ್ತು ಬಿಳಿಯ ಕೊರಳಪಟ್ಟಿ ಧರಿಸಿ ಬರತಕ್ಕುದೆಂದು. ಆತನ ಆಪ್ತನೂ ಸುಪ್ರಸಿದ್ಧ ಲೇಖಕನೂ ಆದ ಮ್ಯಾಕ್ಸ್ ನಾರ್ಡೌ ಸಾಧಾರಣ ಉಡುಪಿನಲ್ಲಿ ಬಂದಾಗ, ಹರ್ಜಲನು ಅವನನ್ನು ಪಕ್ಕಕ್ಕೆ ಕರೆದು, ಬೇಡಿಕೊಂಡು, ಕೊಠಡಿಗೆ ಹಿಂದಿರುಗಿ ಬಟ್ಟೆ ಬದಲಿಸುವಂತೆ ಮಾಡಿದನು. ಇದನ್ನು ನಾಟಕಕಾರನ ಚಪಲವೆನ್ನಲಾರೆವು. ಬೀದಿಯಲ್ಲಿ ಕಲ್ಲೆಸೆತಕ್ಕೆ ಗುರಿಯಾದ ಸಣ್ಣ ಊರುಗಳಿಂದ ಬಂದವರು ಒಂದು ರಾಷ್ಟ್ರದ ಪ್ರತಿನಿಧಿಗಳಂತೆ ಕುಳಿತುಕೊಳ್ಳಬೇಕಾದರೆ ಮೊದಲು ತಮ್ಮ ಕಣ್ಣಿಗೆ ತಾವು ಹಾಗೆ ಕಾಣಬೇಕಾಗಿದ್ದಿತು. ಸಭೆಯ ಹಿಂದಿನ ದಿನ ಶನಿವಾರ. ಊರಿನ ಪ್ರಾರ್ಥನಾಮಂದಿರದಲ್ಲಿ ಧರ್ಮಗ್ರಂಥದ ಬಳಿಗೆ ಕರೆದಾಗ ಹೇಳಬೇಕಾದ ನಾಲ್ಕು ಹೀಬ್ರೂ ಮಾತುಗಳನ್ನು ಹರ್ಜಲನು ಬಾಯಿಪಾಠ ಮಾಡಿಕೊಂಡಿದ್ದನು. ಮಹಾಸಭೆಯ ಸಮಸ್ತ ಭಾರಕ್ಕಿಂತ ಆ ನಾಲ್ಕು ಮಾತುಗಳೇ ಅವನಿಗೆ ಹೆಚ್ಚು ಕಳವಳವನ್ನುಂಟುಮಾಡಿದುದಾಗಿ ಅವನ ದಿನಚರಿಯಿಂದ ತಿಳಿದುಬರುತ್ತದೆ. ಪ್ಯಾಲೆಸ್ತೀನಿನಲ್ಲಿ ಸಾರ್ವಜನಿಕ ಕಾನೂನಿನ ರಕ್ಷಣೆಯುಳ್ಳ ನೆಲೆಯೊಂದನ್ನು ಯೆಹೂದ್ಯ ಜನಾಂಗಕ್ಕೆ ನಿರ್ಮಿಸುವುದೇ ಗುರಿಯೆಂದು ಸಭೆ ನಿರ್ಣಯಿಸಿತು.

ಆ ಸಭೆಯ ಕಾರ್ಯದರ್ಶಿಯಾದ ನಾಥನ್ ಬಿರ್ನ್‌ಬೌಮನನ್ನು ಕುರಿತು ಸ್ವಲ್ಪ ನಿಧಾನಿಸಿ ಹೇಳಬೇಕು. ಹರ್ಜಲನಿಗಿಂತ ಮೊದಲೇ, 1890ರಲ್ಲಿ, ಈ ವಾದಕ್ಕೆ ಹೆಸರಿಟ್ಟವನು ಈತನೇ. ಕೆಲವೇ ವರ್ಷಗಳಲ್ಲಿ ಆತನು ಚಳವಳಿಯಿಂದ ದೂರ ಸರಿದು, ಜನಾಂಗದ ಜೀವ ಪೂರ್ವ ಯೂರೋಪಿನ ಯೆಹೂದ್ಯರ ಆಡುಮಾತಾದ ಯಿದ್ದಿಶ್ ಭಾಷೆಯಲ್ಲಿದೆಯೆಂದು ಕಂಡುಕೊಂಡು, 1908ರಲ್ಲಿ ಚೆರ್ನೊವಿಟ್ಸ್ ನಗರದಲ್ಲಿ ಆ ಭಾಷೆಯ ಮೊದಲ ಸಮ್ಮೇಳನವನ್ನು ಸೇರಿಸಿದನು. ಮುಂದೆ ಅದನ್ನೂ ದಾಟಿ, ಸಂಪ್ರದಾಯಶ್ರದ್ಧೆಗೆ ಮರಳಿ, ಜಿಯೋನ್‌ವಾದವನ್ನು ವಿರೋಧಿಸುತ್ತಿದ್ದ ಧರ್ಮನಿಷ್ಠರ ಸಂಘಟನೆಯಾದ ಅಗುದತ್ ಇಸ್ರಾಯೇಲಿಗೆ ಕಾರ್ಯದರ್ಶಿಯಾದನು. ರಾಷ್ಟ್ರ, ಭಾಷೆ, ಧರ್ಮ: ಆಧುನಿಕ ಯೆಹೂದ್ಯನು ತನ್ನನ್ನು ತಾನು ಕೇಳಿಕೊಂಡ ಪ್ರಶ್ನೆಗೆ ದೊರೆತ ಮೂರು ಉತ್ತರಗಳನ್ನೂ ಈ ಒಬ್ಬ ಮನುಷ್ಯ ಒಂದೇ ಆಯುಷ್ಯದಲ್ಲಿ ನಿಷ್ಠೆಯಿಂದ ಬಾಳಿ ನೋಡಿದನು. ಅವನನ್ನು ಚಂಚಲಚಿತ್ತನೆಂದು ತಳ್ಳಿಹಾಕುವುದಕ್ಕಿಂತ, ಆ ಪ್ರಶ್ನೆಯ ಕಾಠಿಣ್ಯಕ್ಕೆ ಸಾಕ್ಷಿಯೆಂದು ಕಾಣುವುದು ಮೇಲು.

ಉತ್ತರಗಳ ಕಲಹವಂತೂ ತೀವ್ರವಾಗಿದ್ದಿತು. ಬಾಸೆಲಿನ ಸಭೆ ಮುಗಿದು ಎರಡು ತಿಂಗಳೂ ಕಳೆಯದೆ, ವಿಲ್ನ ನಗರದ ಮನೆಯೊಂದರಲ್ಲಿ 13 ಮಂದಿ ಗುಪ್ತವಾಗಿ ಕೂಡಿ ಬುಂದ್ ಎಂಬ ಯೆಹೂದ್ಯ ಕಾರ್ಮಿಕರ ಸಮಾಜವಾದಿ ಪಕ್ಷವನ್ನು ಸ್ಥಾಪಿಸಿದರು. ಹುಟ್ಟಿದ ನೆಲವೇ ತಾಯ್ನೆಲ, ಹೋರಾಟ ಇಲ್ಲಿಯೇ ಎಂಬುದು ಅವರ ಸಿದ್ಧಾಂತ. ಚರಿತ್ರಕಾರ ಸೈಮನ್ ದುಬ್ನೋವ್ ಯೆಹೂದ್ಯರು ಜನಾಂಗವೆಂದು ಒಪ್ಪಿಯೂ, ಭೂಮಿಯಿಲ್ಲದೆಯೇ ಸಾಂಸ್ಕೃತಿಕ ಸ್ವಾಯತ್ತತೆಯಿಂದ ಬಾಳಬಲ್ಲ ಜನಾಂಗವೆಂದು ಬೋಧಿಸಿದನು. ಚಳವಳಿಯ ಒಳಗಿದ್ದೇ ಅತಿ ಕಠಿಣವಾದ ಸತ್ಯವನ್ನು ನುಡಿದವನು ಒಡೆಸ್ಸದ ಲೇಖಕ ಅಹಾದ್ ಹಾಅಮ್. ಯೆಹೂದ್ಯರ ರಾಜ್ಯಕ್ಕಿಂತ ಯೆಹೂದ್ಯ ಸಂಸ್ಕೃತಿಯ ಕೇಂದ್ರವೊಂದು ಆ ನೆಲದಲ್ಲಿ ಬೇಕೆಂಬುದು ಅವನ ಮತ. 1891ರಲ್ಲಿ ಪ್ಯಾಲೆಸ್ತೀನನ್ನು ಸುತ್ತಿಬಂದು, ಅದು ಬರಿದಾದ ನಾಡಲ್ಲವೆಂದೂ, ಬಿತ್ತದೆ ಬಿಟ್ಟ ಒಳ್ಳೆಯ ಹೊಲ ಅಲ್ಲಿ ವಿರಳವೆಂದೂ, ಹೊಸದಾಗಿ ನೆಲಸಿದವರು ಅರಬರೊಡನೆ ನಿಷ್ಠುರವಾಗಿ ವರ್ತಿಸುತ್ತಿರುವರೆಂದೂ ಅವನು ಬರೆದನು. ಜೆರೂಸಲೆಮಿನ ಮಾಜಿ ನಗರಾಧ್ಯಕ್ಷ ಯೂಸುಫ್ ದಿಯಾ ಅಲ್ ಖಾಲಿದಿ 1899ರಲ್ಲಿ ಫ್ರಾನ್ಸಿನ ಮುಖ್ಯ ರಬ್ಬಿಯ ಮೂಲಕ ಹರ್ಜಲನಿಗೆ ಬರೆದು, ಯೆಹೂದ್ಯರಿಗೆ ಆ ನೆಲದೊಡನಿರುವ ಪುರಾತನ ಸಂಬಂಧವನ್ನು ಗೌರವದಿಂದ ಒಪ್ಪಿಕೊಂಡು, ಆದರೂ ಅಲ್ಲಿ ಈಗಾಗಲೇ ಜನರಿದ್ದಾರೆ, ಪ್ಯಾಲೆಸ್ತೀನನ್ನು ಅದರ ಪಾಡಿಗೆ ಬಿಡಿರೆಂದು ಪ್ರಾರ್ಥಿಸಿದನು. ವಲಸೆಯಿಂದ ಅಲ್ಲಿಯವರಿಗೂ ಐಶ್ವರ್ಯ ವರ್ಧಿಸುವುದೆಂದು ಹರ್ಜಲನು ಉತ್ತರ ಕೊಟ್ಟನು. ಮುಂದೆ ಬಂದ ದುಃಖದ ಬಹುಭಾಗ ಈ ಎರಡು ಪತ್ರಗಳ ನಡುವಿನ ಕಂದರದಲ್ಲಿ ಆಗಲೇ ಇದ್ದಿತು.

1903ರ ವಸಂತದಲ್ಲಿ ರಷ್ಯ ಸಾಮ್ರಾಜ್ಯದ ಕಿಷಿನೆವ್ ಊರಿನಲ್ಲಿ 49 ಮಂದಿ ಯೆಹೂದ್ಯರ ಕೊಲೆಯಾಯಿತು. ಆ ಆಗಸ್ಟಿನಲ್ಲಿ ಬಾಸೆಲಿನ ಆರನೆಯ ಮಹಾಸಭೆಯ ಮುಂದೆ ಹರ್ಜಲನು ಪೂರ್ವ ಆಫ್ರಿಕದಲ್ಲಿ ನೆಲ ಕೊಡುವೆವೆಂಬ ಬ್ರಿಟಿಷರ ಸೂಚನೆಯನ್ನಿಟ್ಟನು. ಪರಿಶೀಲನೆಗೆ ತಂಡವನ್ನು ಕಳುಹಿಸುವ ನಿರ್ಣಯಕ್ಕೆ 295 ಮತಗಳೂ ವಿರುದ್ಧವಾಗಿ 178 ಮತಗಳೂ ಬಿದ್ದವು. ವಿರುದ್ಧ ಮತವಿತ್ತವರಲ್ಲಿ ಹೆಚ್ಚಿನವರು ಯಾರ ತಲೆಯ ಮೇಲೆ ಕತ್ತಿ ತೂಗುತ್ತಿತ್ತೋ ಆ ರಷ್ಯದವರೇ; ಕಿಷಿನೆವಿನ ಪ್ರತಿನಿಧಿಗಳೂ ಬೇಡವೆಂದರು. ಹೊರನಡೆದವರು ದೇವಾಲಯ ನಾಶವಾದ ದಿನದ ಶೋಕಾಚರಣೆಯಂತೆ ನೆಲದ ಮೇಲೆ ಕುಳಿತು ಅತ್ತರು. ಪ್ರಾಣರಕ್ಷಣೆಗೊಂದು ಜಾಗವೆಂದು ಪಶ್ಚಿಮದವರು ತಿಳಿದಿದ್ದ ವಾದ ಪೂರ್ವದವರಿಗೆ ಆತ್ಮದ ಮಾತಾಗಿದ್ದಿತೆಂಬುದು ಆ ದಿನ ಬಯಲಾಯಿತು. ಸಭಾಂತ್ಯದಲ್ಲಿ ಹರ್ಜಲನು ಬಲಗೈಯೆತ್ತಿ, ಜೆರೂಸಲೆಮನ್ನು ಮರೆಯೆನೆಂಬ ಕೀರ್ತನೆಯ ಶಪಥವನ್ನು ಹೀಬ್ರೂವಿನಲ್ಲಿಯೇ ಉಚ್ಚರಿಸಿದನು. ಮರುವರ್ಷ, 44ರ ವಯಸ್ಸಿಗೆ, ತೀರಿಕೊಂಡನು.

ಈ ಚರಿತ್ರೆಯ ಮುಂದಿನ ಅಧ್ಯಾಯದಲ್ಲಿ ಭಾರತೀಯ ಓದುಗನಿಗೆ ಪರಿಚಿತವಾದ ಹೆಸರೊಂದು ಬರುತ್ತದೆ. 1917ರ ಆಗಸ್ಟ್ 20ರಂದು ಭಾರತಕ್ಕೆ ಹಂತಹಂತವಾಗಿ ಜವಾಬ್ದಾರಿ ಸರ್ಕಾರವನ್ನು ಕೊಡುವೆವೆಂದು ಘೋಷಿಸಿದ ಭಾರತ ಸಚಿವ ಎಡ್ವಿನ್ ಮಾಂಟೆಗು, ಮೂರೇ ದಿನಗಳ ತರುವಾಯ ಸಚಿವ ಸಹೋದ್ಯೋಗಿಗಳಿಗೆ ಇನ್ನೊಂದು ಲೇಖವನ್ನು ಸಲ್ಲಿಸಿದನು. ಮಂತ್ರಿಮಂಡಲದ ಏಕಮಾತ್ರ ಯೆಹೂದ್ಯನಾದ ಅವನು, ಪ್ಯಾಲೆಸ್ತೀನನ್ನು ಯೆಹೂದ್ಯರ ರಾಷ್ಟ್ರೀಯ ನೆಲೆಯೆಂದು ಸಾರಿದೊಡನೆ ಎಲ್ಲ ದೇಶಗಳವರೂ ತಮ್ಮ ಯೆಹೂದ್ಯ ಪೌರರನ್ನು ಪರಕೀಯರೆಂದು ಹೊರದಬ್ಬಲು ನೆಪ ದೊರೆಯುವುದೆಂದೂ, ಈ ನೀತಿಯೇ ಯೆಹೂದ್ಯದ್ವೇಷಕ್ಕೆ ಒತ್ತಾಸೆಯೆಂದೂ ವಾದಿಸಿದನು. ಕಡೆಯ ತೀರ್ಮಾನವಾಗುವ ಹೊತ್ತಿಗೆ ಅವನು ಭಾರತದ ಹಾದಿ ಹಿಡಿದಾಗಿದ್ದಿತು. ಪ್ಯಾಲೆಸ್ತೀನಿನಲ್ಲಿ ಯೆಹೂದ್ಯರ ರಾಷ್ಟ್ರೀಯ ನೆಲೆಯನ್ನು ಬೆಂಬಲಿಸಿ ಬ್ರಿಟಿಷ್ ಸರ್ಕಾರ ಹೊರಡಿಸಿದ ನವೆಂಬರ್ 2ರ ಬಾಲ್ಫರ್ ಘೋಷಣೆಯಲ್ಲಿ ಅನ್ಯ ದೇಶಗಳ ಯೆಹೂದ್ಯರ ಹಕ್ಕುಗಳಿಗೆ ಧಕ್ಕೆಯಾಗದೆಂಬ ಮಾತು ಸೇರಿರುವುದರಲ್ಲಿ ಇಂತಹ ಆತಂಕದ ಗುರುತಿದೆ. ಅಲ್ಲಿಯೇ ನೆಲಸಿದ್ದ ಅರಬರನ್ನು ಹೆಸರಿಸದೆ, ಯೆಹೂದ್ಯೇತರ ಸಮುದಾಯಗಳೆಂದಷ್ಟೇ ಕರೆದು, ಅವರ ಪೌರಹಕ್ಕು ಮತ್ತು ಮತೀಯ ಹಕ್ಕುಗಳನ್ನು ಮಾತ್ರ ಕಾಯುವ ಭರವಸೆಯೂ ಅದರಲ್ಲಿದೆ. ಬ್ರಿಟಿಷರು ಆ ನಾಡನ್ನು ತುರ್ಕರಿಂದ ಗೆದ್ದುಕೊಂಡ ಯುದ್ಧದಲ್ಲಿ ಕನ್ನಡ ನಾಡಿನ ಪಾಲೂ ಉಂಟು: 1918ರ ಸೆಪ್ಟೆಂಬರ್ 23ರಂದು ಜೋಧಪುರದ ಕುದುರೆಪಡೆಯೊಡನೆ ಹೈಫಾ ನಗರವನ್ನು ಹಿಡಿದುದು ಮೈಸೂರು ಲ್ಯಾನ್ಸರ್ಸ್ ದಳ.

ಇಷ್ಟಾದರೂ ಜಿಯೋನ್‌ವಾದ ಯೆಹೂದ್ಯರೆಲ್ಲರ ಮನಸ್ಸನ್ನು ಗೆದ್ದಿರಲಿಲ್ಲ. 1938ರ ಕೊನೆಯಲ್ಲಿ ವಾರ್ಸಾ ನಗರಸಭೆಯ ಚುನಾವಣೆ ನಡೆದಾಗ ಯೆಹೂದ್ಯ ಪಕ್ಷಗಳಲ್ಲೆಲ್ಲ ಹೆಚ್ಚು ಸ್ಥಾನಗಳನ್ನು ಪಡೆದುದು ಬುಂದ್. ಆ ಮತದಾರರಿಗೆ ಏನಾಯಿತು? ಏಳೇ ವರ್ಷಗಳಲ್ಲಿ ಯೂರೋಪಿನ ಅರುವತ್ತು ಲಕ್ಷ ಯೆಹೂದ್ಯರು ನಾಜಿಗಳ ಕೈಯಲ್ಲಿ ಹತರಾದರು. ಅವರಲ್ಲಿ ಅರ್ಧದಷ್ಟು ಪೋಲೆಂಡಿನವರು. ವೃದ್ಧ ದುಬ್ನೋವನನ್ನು 1941ರಲ್ಲಿ ರೀಗಾದಲ್ಲಿ ಕೊಂದರು. ಮೋಸೆಯ ಮತದ ಜರ್ಮನರೆಂಬ ವರ್ಗವೇ ಅಳಿಯಿತು. ಅಮೆರಿಕ 1924ರಿಂದಲೇ ಬಾಗಿಲನ್ನು ಬಹುಮಟ್ಟಿಗೆ ಮುಚ್ಚಿತ್ತು. ಪ್ರತಿವಾದಿಗಳನ್ನು ತರ್ಕದಿಂದ ಸೋಲಿಸಿ ಜಿಯೋನ್‌ವಾದ ಮೇಲೆದ್ದಿತೆನ್ನುವುದು ನಿಜವಲ್ಲ. ಆ ಪ್ರತಿವಾದಿಗಳನ್ನೂ ಅವರ ಊರುಗಳನ್ನೂ ಪರರು ಕೊಂದು ಮುಗಿಸಿದ್ದರಿಂದ, ಉಳಿದವರ ಸ್ವರೂಪಪ್ರಜ್ಞೆಯೊಡನೆ ಅದೊಂದು ಉತ್ತರವೇ ಹೆಣೆದುಕೊಂಡಿತು. ಇಂದು ಜಿಯೋನ್‌ವಾದದ ಮೇಲಿನ ಟೀಕೆ ಅನೇಕ ಯೆಹೂದ್ಯರಿಗೆ ತಮ್ಮ ಅಸ್ತಿತ್ವದ ಮೇಲೆಯೇ ಬಿದ್ದ ಏಟಿನಂತೆ ತಾಗುವುದು ಇದರಿಂದಲೇ. 1948ರಲ್ಲಿ ಇಸ್ರೇಲ್ ಉದಯಿಸಿದ ಯುದ್ಧದಲ್ಲಿ ಏಳು ಲಕ್ಷಕ್ಕೂ ಮಿಕ್ಕಿ ಪ್ಯಾಲೆಸ್ತೀನಿಯರು ಮನೆಮಠ ಕಳೆದುಕೊಂಡು ಹಿಂದಿರುಗದಂತಾದುದರಿಂದ, ಜಿಯೋನ್‌ವಾದವೆಂಬ ಹೆಸರು ಆ ಜನಕ್ಕೆ ಮಹಾವಿಪತ್ತಿನ ಹೆಸರಾಗಿರುವುದೂ ಅಷ್ಟೇ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮರೆಸುವ ಬರೆಹವನ್ನು ನಾನು ಚರಿತ್ರೆಯೆಂದು ಒಪ್ಪಲಾರೆ.

ರಾಜ್ಯವಾದ ಮೇಲೆ ಹಳೆಯ ಪ್ರಶ್ನೆ ನ್ಯಾಯಾಲಯವನ್ನು ಹತ್ತಿತು. ಜಗತ್ತಿನ ಯಾವ ಯೆಹೂದ್ಯನೂ ಬಂದು ಪೌರನಾಗಬಹುದೆಂದು 1950ರ ಪುನರಾಗಮನ ಕಾನೂನು ಸಾರಿತು, ಯೆಹೂದ್ಯನಾರೆಂದು ಹೇಳಲಿಲ್ಲ. ನಾಜಿಗಳ ಕಾಲದಲ್ಲಿ ಮೀರ್ ಎಂಬ ಊರಿನ ಅನೇಕರನ್ನು ಪಾರುಮಾಡಿ, ಆಮೇಲೆ ಕ್ರೈಸ್ತ ಸಂನ್ಯಾಸಿಯಾದ ಓಸ್ವಾಲ್ಡ್ ರುಫೈಸೆನ್, ತಾನು ಮತದಿಂದ ಕ್ರೈಸ್ತನಾದರೂ ಜನಾಂಗದಿಂದ ಯೆಹೂದ್ಯನೆಂದು ವಾದಿಸಿದಾಗ, 1962ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. ಕೊಂಕಣ ತೀರದಲ್ಲಿ ಶನಿವಾರ ಗಾಣ ಹೂಡದ ಎಣ್ಣೆಯವರೆಂದು ಹೆಸರಾಗಿದ್ದ ನಮ್ಮ ಬೆನೆ ಇಸ್ರಾಯೇಲರು ಅಲ್ಲಿಗೆ ಹೋದಾಗ, ಅವರ ವಿವಾಹಸಂಬಂಧಗಳ ಶುದ್ಧಿಯನ್ನು ರಬ್ಬಿಗಳು ಶಂಕಿಸಿದರು. ಅವರು ಜೆರೂಸಲೆಮಿನಲ್ಲಿ ಪ್ರತಿಭಟಿಸಿದ ಮೇಲೆಯೇ, 1964ರಲ್ಲಿ, ಸಂಸತ್ತು ಅವರನ್ನು ಎಲ್ಲ ರೀತಿಯಲ್ಲೂ ಯೆಹೂದ್ಯರೆಂದು ಸಾರಿದುದು. 1970ರ ತಿದ್ದುಪಡಿ ಯೆಹೂದ್ಯ ತಾಯಿಯಲ್ಲಿ ಹುಟ್ಟಿದವನು ಅಥವಾ ಮತಾಂತರದಿಂದ ಸೇರಿದವನು, ಅನ್ಯಮತಕ್ಕೆ ಸೇರಿರದವನು ಯೆಹೂದ್ಯನೆಂದು ವ್ಯಾಖ್ಯಾನಿಸಿ, ಮತ್ತೊಂದು ಕಲಮಿನಲ್ಲಿ ಯೆಹೂದ್ಯನ ಮಕ್ಕಳು ಮೊಮ್ಮಕ್ಕಳಿಗೂ ಅವರ ಪತಿಪತ್ನಿಯರಿಗೂ ಬಂದು ನೆಲಸುವ ಹಕ್ಕನ್ನು ಕೊಟ್ಟಿತು. ಆ ಎರಡನೆಯ ಕಲಮಿನಿಂದ ಹಳೆಯ ಸೋವಿಯತ್ ನಾಡುಗಳಿಂದ ಬಂದ ಲಕ್ಷಾಂತರ ಜನ ಇಂದು ಹೀಬ್ರೂ ಮಾತನಾಡುತ್ತಾರೆ, ಸೈನ್ಯದಲ್ಲಿ ಸೇವೆ ಸಲ್ಲಿಸುತ್ತಾರೆ, ಮತ ಚಲಾಯಿಸುತ್ತಾರೆ; ಮೊದಲ ಕಲಮಿನಂತೆ ಯೆಹೂದ್ಯರಲ್ಲದ ಕಾರಣ ರಬ್ಬಿಗಳು ಅವರಿಗೆ ವಿವಾಹ ನಡೆಸಿಕೊಡುವುದಿಲ್ಲ. ಹಾಗಾಗಿ ಅವರಲ್ಲಿ ಎಷ್ಟೋ ಮಂದಿ ಹತ್ತಿರದ ಸೈಪ್ರಸ್ ದ್ವೀಪಕ್ಕೆ ಹೋಗಿ ಮದುವೆಯಾಗಿ ಹಿಂದಿರುಗಿ, ಅದನ್ನು ಇಸ್ರೇಲಿನ ಸರ್ಕಾರಿ ಕಚೇರಿಯಲ್ಲಿ ನೋಂದಾಯಿಸಿಕೊಳ್ಳುತ್ತಾರೆ.