ಮುಖವಿಲ್ಲದ ಗೊಂಬೆ ಬಂದ ದಾರಿ

1952ರಲ್ಲಿ ಅಮೆರಿಕದ ಹ್ಯಾಸ್‌ಬ್ರೊ ಕಂಪನಿ ಮಾರಿದ ಒಂದು ಆಟಿಕೆಯ ಪೆಟ್ಟಿಗೆಯಲ್ಲಿ ಕಣ್ಣು, ಮೂಗು, ಕಿವಿ, ಮೀಸೆ, ಟೋಪಿ ಎಲ್ಲವೂ ಇದ್ದವು, ಗೊಂಬೆಯೊಂದೇ ಇರಲಿಲ್ಲ. ಕೊಂಡವರು ಅಡುಗೆಮನೆಯಿಂದ ಆಲೂಗಡ್ಡೆ ತಂದು, ಆ ಪ್ಲಾಸ್ಟಿಕ್ ಅಂಗಾಂಗಗಳನ್ನು ಅದಕ್ಕೆ ಚುಚ್ಚಿ, ತಮಗೆ ಬೇಕಾದ ಮುಖ ಮಾಡಿಕೊಳ್ಳಬೇಕಿತ್ತು. ಹೆಸರು ಮಿಸ್ಟರ್ ಪೊಟೇಟೊ ಹೆಡ್, ಬೆಲೆ 98 ಸೆಂಟ್. ಪ್ಲಾಸ್ಟಿಕ್ಕಿನ ಆಲೂಗಡ್ಡೆಯನ್ನೂ ಕಂಪನಿಯೇ ಪೆಟ್ಟಿಗೆಯಲ್ಲಿಟ್ಟು ಕೊಡಲು ಶುರುಮಾಡಿದ್ದು 1964ರಲ್ಲಿ. ಮಂಚದಡಿ ಕೊಳೆತು ನಾರುವ ಆಲೂಗಡ್ಡೆಗಳ ಕಾಟ ತಪ್ಪಿತೆಂದು ತಾಯಂದಿರು ಉಸ್ಸಪ್ಪಾ ಎಂದಿರಬೇಕು.

ಇದರ ತದ್ವಿರುದ್ಧದ ಗೊಂಬೆ ಬಂದದ್ದು ಅರ್ಧ ಶತಮಾನದ ನಂತರ. ಅಮೆರಿಕದ್ದೇ ಆದ ಕಿಡ್‌ರೋಬಾಟ್ ಕಂಪನಿಗಾಗಿ ಪಾಲ್ ಬಡ್ನಿಟ್ಜ್ ಮತ್ತು ಟ್ರಿಸ್ಟನ್ ಈಟನ್ ರೂಪಿಸಿದ ‘ಮನ್ನಿ’ಗೆ ಮೈ ಇತ್ತು, ಮುಖ ಇರಲಿಲ್ಲ. ಏಳು ಇಂಚಿನ ಬಿಳಿ ವಿನೈಲ್, ಮೈಗಿಂತ ದೊಡ್ಡ ತಲೆ, ದುಂಡನೆಯ ಕಿವಿ, ಬರಿದಾದ ಮೋರೆ. ಕಣ್ಣು ಬರೆಯುವುದೂ ಬಾಯಿ ಬರೆಯುವುದೂ ಕೊಂಡವರ ಕೆಲಸ. ಖಾಲಿ ಗೊಂಬೆಗೆ ಬಣ್ಣ ಹಚ್ಚುವ ಹವ್ಯಾಸ ಇಲ್ಲಿಂದಲೇ ಆರಂಭವಾಯಿತೆಂದು ನಂಬಿದವರು ಬಹಳ ಮಂದಿ. ಅದರ ಬೇರು ಇನ್ನೂ ಹಿಂದಿನದು. ಅದನ್ನು ಹುಡುಕಿಕೊಂಡು ಹೊರಟರೆ ನಾವು ತಲುಪುವುದು ಒಂದು ಕಾಮಿಕ್ಸ್ ಪುಟಕ್ಕೆ.

ಹಾಂಕಾಂಗ್‌ನ ಮೈಕಲ್ ಲಾವ್ 1998ರಲ್ಲಿ ‘ಈಸ್ಟ್ ಟಚ್’ ಎಂಬ ಪತ್ರಿಕೆಗೆ ‘ಗಾರ್ಡನರ್’ ಹೆಸರಿನ ಕಾಮಿಕ್ಸ್ ಬರೆಯುತ್ತಿದ್ದರು. ಸ್ಕೇಟ್‌ಬೋರ್ಡ್ ಹಿಡಿದ ಹುಡುಗರು, ಹಿಪ್‌ಹಾಪ್ ಗುಂಗಿನವರು, ಜೋಲು ಪ್ಯಾಂಟು, ದಪ್ಪ ಬೂಟು: ಅವರು ಕಂಡ ಬೀದಿಯೇ ಅದರಲ್ಲಿತ್ತು. ಈ ಪಾತ್ರಗಳನ್ನು ಅವರು ಪುಟದಿಂದ ಕೆಳಗಿಳಿಸಿದರು. 12 ಇಂಚಿನ ಆಕ್ಷನ್ ಫಿಗರ್‌ಗಳ ಮೈ ತೆಗೆದುಕೊಂಡು, ತಲೆಗಳನ್ನು ತಾವೇ ತಿದ್ದಿ ಮಾಡಿ, ಬಟ್ಟೆ ಬೂಟು ತೊಡಿಸಿ ನಿಲ್ಲಿಸಿದರು. 1999ರಲ್ಲಿ ಹಾಂಕಾಂಗ್ ಆರ್ಟ್ಸ್ ಸೆಂಟರ್‌ನಲ್ಲಿ ಇಂಥ ಸುಮಾರು ನೂರು ಗೊಂಬೆಗಳ ಪ್ರದರ್ಶನವಾಯಿತು. ಮುಂದೆ ‘ಡಿಸೈನರ್ ಟಾಯ್’ ಎಂದು ಹೆಸರಾದ ಚಳವಳಿಯ ಚರಿತ್ರೆಯನ್ನು ಸಾಮಾನ್ಯವಾಗಿ ಇಲ್ಲಿಂದಲೇ ಹೇಳಲು ತೊಡಗುತ್ತಾರೆ.

ಆ 12 ಇಂಚಿನ ಮೈ ಯಾರದು ಎಂದು ಕೇಳಿಕೊಳ್ಳಬೇಕು. ಅಂಥ ಗೊಂಬೆಗಳ ಮೂಲಪುರುಷ ಜಿ.ಐ. ಜೋ ಎಂಬ ಸೈನಿಕ. ಅವನನ್ನು ಹುಟ್ಟಿಸಿದ್ದೂ ಹ್ಯಾಸ್‌ಬ್ರೊ ಕಂಪನಿಯೇ, ಆಲೂಗಡ್ಡೆಗೆ ಪ್ಲಾಸ್ಟಿಕ್ ಮೈ ಬಂದ ಆ 1964ರಲ್ಲೇ. ‘ಗೊಂಬೆ’ ಎಂದರೆ ಗಂಡುಹುಡುಗರು ಮುಟ್ಟುವುದಿಲ್ಲವೆಂದು ‘ಆಕ್ಷನ್ ಫಿಗರ್’ ಎಂಬ ಮಾತನ್ನು ಚಾಲ್ತಿಗೆ ತಂದದ್ದು ಅವನಿಗಾಗಿ. ಯುದ್ಧಕ್ಕೆಂದು ಮಾಡಿದ ಮೈಗೆ ಲಾವ್ ಸ್ಕೇಟ್‌ಬೋರ್ಡ್ ಕೊಟ್ಟರು. ಅವರಿಗೆ ಯಾರೂ ಖಾಲಿ ಗೊಂಬೆಯನ್ನು ಮಾರಿರಲಿಲ್ಲ. ತುಂಬಿದ್ದನ್ನು ಅವರೇ ಖಾಲಿ ಮಾಡಿಕೊಂಡರು. ನನಗೆ ಈ ವ್ಯತ್ಯಾಸ ಸಣ್ಣದಾಗಿ ಕಾಣುವುದಿಲ್ಲ.

ವಿನೈಲ್ ಎಂಬ ಪದಾರ್ಥದ ಕಥೆ ನಮ್ಮನ್ನು ಜಪಾನಿಗೆ ಕರೆದೊಯ್ಯುತ್ತದೆ. 1966ರಲ್ಲಿ ಟೆಲಿವಿಷನ್ನಿನ ರಾಕ್ಷಸ ಸರಣಿಗಳು ಮನೆಮಾತಾದಾಗ ಮರುಸಾನ್ ಎಂಬ ಕಂಪನಿ ಅವುಗಳ ಮೆದು ವಿನೈಲ್ ಗೊಂಬೆಗಳನ್ನು ಮಾಡಿತು. ಅಲ್ಲಿ ಇದಕ್ಕೆ ‘ಸೋಫುಬಿ’ ಎನ್ನುತ್ತಾರೆ. ಲೋಹದ ಅಚ್ಚಿಗೆ ದ್ರವ ವಿನೈಲ್ ಸುರಿದು ಬಿಸಿ ಮಾಡಿದರೆ ಅಚ್ಚಿನ ಗೋಡೆಗೆ ಅಂಟಿದ ಪದರ ಗಟ್ಟಿಯಾಗುತ್ತದೆ. ಮಿಕ್ಕದ್ದನ್ನು ಹೊರಗೆ ಚೆಲ್ಲಿ, ಇನ್ನೊಮ್ಮೆ ಕಾಯಿಸಿ, ಬಿಸಿ ಆರುವ ಮುನ್ನ ಇಕ್ಕಳದಿಂದ ಎಳೆದು ತೆಗೆಯುತ್ತಾರೆ. ಒಳಗೆಲ್ಲ ಟೊಳ್ಳು. ಅಚ್ಚು ದುಬಾರಿ, ಒಂದೊಂದು ಗೊಂಬೆ ಅಗ್ಗ. ಈ ಲೆಕ್ಕಾಚಾರವೇ ಮುಂದಿನದನ್ನೆಲ್ಲ ತೀರ್ಮಾನಿಸಿತು. ಅಚ್ಚು ಒಂದೇ ಇರಲಿ, ಮೇಲಿನ ಬಣ್ಣವನ್ನು ಬದಲಿಸುತ್ತಾ ಹೋಗೋಣ! 2001ರ ಮೇ 27ರಂದು ಟೋಕಿಯೊದ ಒಂದು ಸಮಾವೇಶಕ್ಕೆ ಬಂದವರಿಗೆ ಮೆಡಿಕಾಮ್ ಕಂಪನಿ ‘ಬೇರ್‌ಬ್ರಿಕ್’ ಎಂಬ ಪುಟ್ಟ ಕರಡಿಯನ್ನು ಉಡುಗೊರೆ ಕೊಟ್ಟಿತು. ಅಲ್ಲಿಂದ ಈಚೆಗೆ ಅದೇ ಆಕಾರದ ಮೇಲೆ ಎಷ್ಟು ಕಲಾವಿದರು ಕೈಯಾಡಿಸಿದ್ದಾರೋ. ಗೊಂಬೆಯ ಮೈ ಕಾಗದವಾಯಿತು. ಆ ಕಾಗದವನ್ನು ಕಲಾವಿದರಿಗೆ ಮಾತ್ರ ಯಾಕೆ ಕೊಡಬೇಕು, ಕೊಳ್ಳುವವರಿಗೇ ಮಾರಿದರಾಯಿತಲ್ಲ ಎಂದು ಯೋಚಿಸಿದಾಗ ಮನ್ನಿ ಸಿದ್ಧವಾಯಿತು.

ಕಾಮಿಕ್ಸ್ ಹವ್ಯಾಸಿಗಳು ಇಷ್ಟೊತ್ತಿಗೆ ಬಹಳ ಮುಂದೆ ಹೋಗಿದ್ದರು. 1975ರ ಡಿಸೆಂಬರ್ 21ರಂದು ಟೋಕಿಯೊದಲ್ಲಿ ‘ಕಾಮಿಕೆಟ್’ ಎಂಬ ಸಂತೆ ಮೊದಲ ಬಾರಿ ನಡೆದಾಗ ಅಲ್ಲಿದ್ದದ್ದು 32 ಗುಂಪುಗಳು, ಕೆಲವು ನೂರು ಜನ, ಅವರಲ್ಲಿ ಹೆಚ್ಚಿನವರು ಹುಡುಗಿಯರು. ತಾವೇ ಬರೆದು ಅಚ್ಚು ಹಾಕಿಸಿದ ಪುಸ್ತಕಗಳನ್ನು, ಅಂದರೆ ದೋಜಿನ್‌ಶಿಗಳನ್ನು, ಮೇಜಿನ ಮೇಲಿಟ್ಟುಕೊಂಡು ಕೂತಿದ್ದರು. ಈ ಸಂತೆಯಲ್ಲಿ ‘ಗಿರಾಕಿ’ ಎಂಬ ಪದವಿಲ್ಲ. ಮಾರುವವರು, ಕೊಳ್ಳುವವರು, ಕುರ್ಚಿ ಜೋಡಿಸುವವರು, ಎಲ್ಲರೂ ‘ಪಾಲ್ಗೊಳ್ಳುವವರು’. ಅಲ್ಲಿಯ ಪುಸ್ತಕಗಳಲ್ಲಿ ಬಹಳಷ್ಟು ಬೇರೆಯವರ ಪಾತ್ರಗಳನ್ನು ಎರವಲು ಪಡೆದವು. ಪ್ರಸಿದ್ಧ ನಾಯಕನ ಮೈ, ಅದರೊಳಗೆ ಹೈಸ್ಕೂಲು ಹುಡುಗಿಯೊಬ್ಬಳು ಬರೆದ ಕಥೆ. ಲಾವ್ ಮಾಡಿದ್ದಕ್ಕೂ ಇದಕ್ಕೂ ಏನು ದೂರ?

ಎರವಲಿನ ಪ್ರಶ್ನೆಗೆ ಜಪಾನಿನ ಗೊಂಬೆ ಹವ್ಯಾಸಿಗಳು ಕಂಡುಕೊಂಡ ಉತ್ತರ ಇನ್ನೂ ಸೊಗಸಾಗಿದೆ. ಮನೆಯಲ್ಲೇ ಸಿಲಿಕೋನ್ ಅಚ್ಚು ಮಾಡಿ ರೆಸಿನ್ ಎರಕ ಹೊಯ್ದು ಗೊಂಬೆ ಮಾಡುವವರಿಗಾಗಿ ಅಲ್ಲಿ ‘ವಂಡರ್ ಫೆಸ್ಟಿವಲ್’ ನಡೆಯುತ್ತದೆ. ಪ್ರಸಿದ್ಧ ಪಾತ್ರದ ಗೊಂಬೆ ಮಾರಲು ಹಕ್ಕುದಾರರ ಅನುಮತಿ ಬೇಕೇ ಬೇಕು. ಅಡುಗೆಮನೆಯಲ್ಲಿ ಇಪ್ಪತ್ತು ಗೊಂಬೆ ಮಾಡುವವರು ದೊಡ್ಡ ಸ್ಟುಡಿಯೊದೊಂದಿಗೆ ಕರಾರು ಮಾಡಿಕೊಳ್ಳುವುದುಂಟೇ? ಹಾಗಾಗಿ ‘ಒಂದು ದಿನದ ಹಕ್ಕು’ ಎಂಬ ಪದ್ಧತಿ ಬಂತು. ಅರ್ಜಿ ಹಾಕಿ ಒಪ್ಪಿಗೆ ಪಡೆದವರು ಆ ಉತ್ಸವದ ಆವರಣದಲ್ಲಿ, ಆ ಒಂದು ದಿನ, ಮಾರಬಹುದು. ಸಂಜೆಗೆ ಹಕ್ಕು ಮುಗಿಯಿತು. ಉಳಿದ ಗೊಂಬೆಗಳನ್ನು ಕಟ್ಟಿಕೊಂಡು ಮನೆಗೆ ನಡೆಯಬೇಕು. ಜಾತ್ರೆಯ ದಿನ ದೊರೆ ಕೊಡುವ ವಿನಾಯಿತಿಯಂತೆ ಕೇಳಿಸುತ್ತದೆ, ಕಾನೂನಿನಂತೆ ಅಲ್ಲ. ಆದರೂ ಹವ್ಯಾಸಿಯನ್ನು ಕಳ್ಳನೆಂದೂ ಕರೆಯದೆ, ಬರೀ ಗಿರಾಕಿಯೆಂದೂ ಬಿಡದೆ, ಮೂರನೆಯವನಾಗಿ ಕಂಡ ವ್ಯವಸ್ಥೆ ನನಗೆ ಗೊತ್ತಿರುವ ಮಟ್ಟಿಗೆ ಇದೊಂದೇ.

ಮನ್ನಿಯ ಮುಖ ಯಾಕೆ ಖಾಲಿ ಎಂಬುದಕ್ಕೆ ಕಾಮಿಕ್ಸ್‌ನವರ ಬಳಿ ಮೊದಲೇ ಒಂದು ವಿವರಣೆ ಇತ್ತು. ಸ್ಕಾಟ್ ಮೆಕ್‌ಕ್ಲೌಡ್ 1993ರ ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್’ ಪುಸ್ತಕದಲ್ಲಿ ಮಂಡಿಸಿದ ವಾದ ಇದು: ವಿವರಗಳಿಂದ ತುಂಬಿದ ಮುಖ ಇನ್ನೊಬ್ಬರದಾಗಿ ಕಾಣುತ್ತದೆ, ಎರಡು ಚುಕ್ಕೆ ಒಂದು ಗೆರೆಯ ಮುಖದಲ್ಲಿ ಓದುಗರು ತಮ್ಮನ್ನೇ ಕಾಣುತ್ತಾರೆ. ಹಾಗಾದರೆ ಚುಕ್ಕೆಯೂ ಗೆರೆಯೂ ಇಲ್ಲದ ಮುಖದಲ್ಲಿ? ಅಲ್ಲಿ ಕಾಣುವುದು ಹೆಚ್ಚಾಗಿ ಭಯ. ಬೆಲೆ ಕೊಟ್ಟು ತಂದ ಬಿಳಿ ಗೊಂಬೆಗೆ ಮೊದಲ ಗೆರೆ ಎಳೆಯಲಾಗದೆ ಪೆಟ್ಟಿಗೆಯಲ್ಲೇ ಇಟ್ಟವರುಂಟು. ಕಾಗದದ ಹಾಳೆ ಹಾಳಾದರೆ ಮುದುರಿ ಎಸೆಯಬಹುದು. ಈ ಭಯಕ್ಕೆ ಮೆಕ್‌ಕ್ಲೌಡ್ 1990ರಲ್ಲೇ ಒಂದು ಮದ್ದು ಕಂಡುಹಿಡಿದಿದ್ದರು. ಗೆಳೆಯ ಸ್ಟೀವ್ ಬಿಸೆಟ್‌ಗೆ ಸವಾಲು ಹಾಕಿ, 24 ಗಂಟೆಯಲ್ಲಿ 24 ಪುಟದ ಕಾಮಿಕ್ಸ್ ಮುಗಿಸುವ ಪಂಥ ಕಟ್ಟಿದರು. ಗಡಿಯಾರ ಓಡುತ್ತಿದ್ದರೆ ಗೆರೆ ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂದು ಕೊರಗುವುದಕ್ಕೆ ಪುರುಸೊತ್ತೆಲ್ಲಿ? ಇಂದಿಗೂ ಹವ್ಯಾಸಿಗಳು ಇದನ್ನು ಮಾಡುತ್ತಾರೆ.

ವಿನೈಲ್ ಗಡಿಯಾರಕ್ಕೆ ಬಗ್ಗುವುದಿಲ್ಲ. ಬಿಸಿನೀರಿನಲ್ಲಿಟ್ಟರೆ ಮೆತ್ತಗಾಗಿ ತಲೆ ಕಳಚಿ ಬರುತ್ತದೆ. ಸೋಪಿನಲ್ಲಿ ತೊಳೆದು, ಉಜ್ಜುಕಾಗದ ತಿಕ್ಕಿ, ಅಕ್ರಿಲಿಕ್ ಬಣ್ಣವನ್ನು ತೆಳ್ಳಗೆ ಪದರ ಪದರವಾಗಿ ಹಚ್ಚಬೇಕು. ಕೊಂಬೋ ಮೂಗೋ ಬೇಕಿದ್ದರೆ ನಮ್ಮ ಹಾರ್ಡ್‌ವೇರ್ ಅಂಗಡಿಯ ಎಂ-ಸೀಲ್ ಸಾಕು. ಕೆಲವು ಎನಾಮೆಲ್ ಮತ್ತು ಸ್ಪ್ರೇ ಬಣ್ಣಗಳು ವಿನೈಲ್‌ನ ಮೆದುಕಾರಕದೊಂದಿಗೆ ಸೇರಿ ತಿಂಗಳಾದರೂ ಒಣಗದೆ ಕೈಗೆ ಅಂಟುತ್ತವೆ. ಇಷ್ಟೆಲ್ಲ ಪಾಡು ಪಟ್ಟವರಿಗೆ ಕಾಗದ ಕಲಿಸದ ಒಂದು ವಿಷಯ ತಿಳಿಯುತ್ತದೆ. ಗೊಂಬೆಗೆ ಬೆನ್ನಿದೆ. ಕಾಮಿಕ್ಸ್‌ನಲ್ಲಿ ಪಾತ್ರದ ತಲೆಯ ಹಿಂಭಾಗವನ್ನು ತೋರಿಸದೆ ನೂರು ಪುಟ ದಾಟಬಹುದು. ಇಲ್ಲಿ ಆ ಕಡೆಗೂ ಏನಾದರೊಂದು ಬರೆಯಲೇಬೇಕು.

ಗೊಂಬೆ ಮಾಡಿದವರಿಗೆ ಕಾಗದದ ಸೆಳೆತವೂ ತಪ್ಪಲಿಲ್ಲ. ಇಂಗ್ಲೆಂಡಿನ ಚಿತ್ರಕಾರ ಜೇಮ್ಸ್ ಜಾರ್ವಿಸ್ 1998ರಲ್ಲಿ ‘ಸೈಲಸ್’ ಎಂಬ ಬಟ್ಟೆ ಕಂಪನಿಗಾಗಿ ಮಾರ್ಟಿನ್ ಎಂಬ ವಿನೈಲ್ ಗೊಂಬೆ ಮಾಡಿದವರು. ಆಲೂಗಡ್ಡೆಯಂಥ ತಲೆ, ಚುಕ್ಕೆ ಕಣ್ಣು. ವರ್ಷಗಟ್ಟಲೆ ಗೊಂಬೆಗಳನ್ನೇ ರೂಪಿಸಿದ ಮೇಲೆ, 2006ರಲ್ಲಿ, ರಸೆಲ್ ವಾಟರ್‌ಮನ್ ಜೊತೆಗೂಡಿ ಅವರು ಹೊರತಂದದ್ದು ಒಂದು ಕಾಮಿಕ್ಸ್ ಪುಸ್ತಕ.