ಕೇಳುವ ಕವಿತೆಯ ನಿಲುಗಡೆ: ಗಮಕ ಮತ್ತು ಪಾಡ್‌ಕಾಸ್ಟ್

ಕವಿತೆಯನ್ನು ಕಿವಿಯಿಂದಷ್ಟೇ ಗ್ರಹಿಸುವವರಿಗೆ ಸಾಲು ಎಲ್ಲಿ ಮುಗಿಯಿತೆಂದು ತಿಳಿಯುವುದು ಹೇಗೆ? ಪುಟದ ಮೇಲೆ ಖಾಲಿ ಜಾಗ ಅದನ್ನು ತೋರಿಸುತ್ತದೆ. ದನಿಯಲ್ಲಿ ಆ ಕೆಲಸ ಬಹುಮಟ್ಟಿಗೆ ನಿಲುಗಡೆಯದು. ಕಾವ್ಯದ ಪಾಡ್‌ಕಾಸ್ಟ್‌ಗಳಲ್ಲಿ ಪದ್ಯವೂ ಅದರ ಸುತ್ತಲಿನ ಮಾತುಕತೆಯೂ ಒಂದೇ ಕಂತಿನಲ್ಲಿ ಬರುತ್ತವೆ. ಕನ್ನಡದಲ್ಲಿ ವಾಚನ, ವ್ಯಾಖ್ಯಾನಗಳನ್ನು ಮೊದಲಿನಿಂದಲೂ ಜೊತೆಗಿಟ್ಟಿರುವುದು ಗಮಕ. ನಿಲುಗಡೆಯ ಮಟ್ಟಿಗೆ ಇವೆರಡನ್ನು ಹೋಲಿಸುವುದು ಈ ಟಿಪ್ಪಣಿಯ ಉದ್ದೇಶ.

ಗಮಕಿಗಳು ಹೆಚ್ಚಾಗಿ ಎತ್ತಿಕೊಳ್ಳುವ ಕುಮಾರವ್ಯಾಸ ಭಾರತ ಭಾಮಿನಿ ಷಟ್ಪದಿಯಲ್ಲಿದೆ. ಪದ್ಯದ 1, 2, 4, 5ನೆಯ ಸಾಲುಗಳಿಗೆ 14 ಮಾತ್ರೆ, 3 ಮತ್ತು 6ನೆಯ ಸಾಲುಗಳಿಗೆ 23 ಮಾತ್ರೆ, ಒಟ್ಟು 102. ವಾಕ್ಯ, ಕೆಲವೆಡೆ ಪದವೇ, ಸಾಲಿನ ಕೊನೆಯನ್ನು ದಾಟಿ ಮುಂದಕ್ಕೆ ಹರಿಯುತ್ತದೆ. ಆದ್ದರಿಂದ ಗಮಕಿ ನಿಲ್ಲುವುದು ಸಾಲು ಮುಗಿದಲ್ಲಲ್ಲ, ಅನ್ವಯ ಕೂಡಿಬಂದಲ್ಲಿ. ಹಾಗಿದ್ದರೂ ಸಾಲಿನ ಗುರುತು ಅಳಿಯುವುದಿಲ್ಲ. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಮರಳುವ ಪ್ರಾಸ, ಅಂದರೆ ಆದಿಪ್ರಾಸ, ಹೊಸ ಸಾಲು ಮೊದಲಾಯಿತೆಂದು ಕಿವಿಗೆ ತಿಳಿಸುತ್ತದೆ. ಸಾಲನ್ನು ಪ್ರಾಸ ಕಾಯುವುದರಿಂದ ನಿಲುಗಡೆ ಪೂರ್ತಿಯಾಗಿ ಅರ್ಥಕ್ಕೆ ಒದಗುತ್ತದೆ. ಇಷ್ಟರ ಮೇಲೂ ಉಳಿದ ಸಂಧಿಯ ತೊಡಕುಗಳನ್ನು ವ್ಯಾಖ್ಯಾನಕಾರರು ಬಿಡಿಸುತ್ತಾರೆ.

ಹೊಸಗನ್ನಡ ಕವಿತೆಗೆ ಈ ಆಸರೆಯಿಲ್ಲ. ಮಂಜೇಶ್ವರ ಗೋವಿಂದ ಪೈ ಮೊದಲಾದವರು ಆದಿಪ್ರಾಸವನ್ನು ಬಿಟ್ಟರು. ನವ್ಯದ ಹೊತ್ತಿಗೆ ಸಾಲುಗಳ ಸಮತೆಯೂ ಹೋಯಿತು. ಗೋಪಾಲಕೃಷ್ಣ ಅಡಿಗರಲ್ಲಿ ಮಾತ್ರಾಲಯ ಒಳಗೊಳಗೇ ನಡೆದರೂ ಸಾಲಿನ ಉದ್ದವನ್ನು ಮೊದಲೇ ಊಹಿಸಲಾಗದು. ಇಂಥ ಪದ್ಯವನ್ನು ಓದುವಾಗ ಸಾಲು, ಅರ್ಥ ಎರಡರ ಭಾರವೂ ನಿಲುಗಡೆಯ ಮೇಲೆಯೇ ಬೀಳುತ್ತದೆ. ಸುಗಮ ಸಂಗೀತದಲ್ಲಿ ಆ ಎಡೆಯನ್ನು ತಾಳ, ವಾದ್ಯಗಳು ತುಂಬುತ್ತವೆ. ಆದರೆ ಅಲ್ಲಿನ ನಿಲುಗಡೆ ರಾಗಸಂಯೋಜನೆಯದು.

ಪಾಡ್‌ಕಾಸ್ಟ್ ಆ್ಯಪ್‌ಗಳ ಎರಡು ಸೌಲಭ್ಯಗಳನ್ನು ಇಲ್ಲಿ ಬೇರ್ಪಡಿಸಿ ನೋಡಬೇಕು. ಒಂದು, ವೇಗ. 1.5 ಪಟ್ಟು ವೇಗದಲ್ಲಿ ಕೇಳಿದರೂ ಲಘು, ಗುರುಗಳ ಅನುಪಾತ ಹಾಗೆಯೇ ಉಳಿಯುತ್ತದೆ. ನಿಲುಗಡೆಯೂ ಅದೇ ಪ್ರಮಾಣದಲ್ಲಿ ಕಿರಿದಾಗುತ್ತದೆ. ಓದು ಅವಸರದ್ದೆನಿಸೀತು, ಲಯ ಮುರಿಯದು. ಇನ್ನೊಂದು, ಮೌನವನ್ನು ಕತ್ತರಿಸುವುದು. ಪಾಕೆಟ್ ಕಾಸ್ಟ್ಸ್‌ನ 'ಟ್ರಿಮ್ ಸೈಲೆನ್ಸ್', ಓವರ್‌ಕಾಸ್ಟ್‌ನ 'ಸ್ಮಾರ್ಟ್ ಸ್ಪೀಡ್' ಮಾತನ್ನು ಮುಟ್ಟದೆ ಮಾತಿನ ನಡುವಿನ ಎಡೆಯನ್ನಷ್ಟೇ ಕುಗ್ಗಿಸುತ್ತವೆ. ಹರಟೆ, ಸಂದರ್ಶನಗಳಿಗೆ ಇದರಿಂದ ಹೆಚ್ಚಿನ ನಷ್ಟವಿಲ್ಲ. ಮುಕ್ತಛಂದದ ಓದಿನಲ್ಲಾದರೋ ಹೋಗುವುದು ಸಾಲೇ. ಗಮಕದ ಧ್ವನಿಮುದ್ರಣ ಇಲ್ಲಿಯೂ ಬಚಾವಾಗುತ್ತದೆ: ಹಿನ್ನೆಲೆಯ ಶ್ರುತಿ ಎಡೆಬಿಡದೆ ಮೊಳಗುತ್ತಿದ್ದರೆ ಕತ್ತರಿಸಲು ಮೌನವೇ ಸಿಗುವುದಿಲ್ಲ.

ಇದರಿಂದ ನಿರ್ಮಾಪಕರಿಗೆ ಹೊರಡುವ ಸೂಚನೆಗಳು ಮೂರು. ಪದ್ಯ ಓದುವಲ್ಲಿ ಕೊಠಡಿಯ ಸಹಜ ಸದ್ದನ್ನು ಪೂರ್ತಿ ಅಳಿಸದೆ ಉಳಿಸಬೇಕು. ಕಂತಿನ ವಿವರಣೆಯಲ್ಲಿ, ಹಕ್ಕುಸ್ವಾಮ್ಯ ಅಡ್ಡಬರದಿದ್ದರೆ, ಪದ್ಯವನ್ನು ಸಾಲು ಒಡೆದಂತೆಯೇ ಕೊಡಬೇಕು. ಚರ್ಚೆಗೆ ಮೊದಲು ಓದಿದ ಪದ್ಯವನ್ನು ಚರ್ಚೆಯ ನಂತರ ಇನ್ನೊಮ್ಮೆ ಓದಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಅರ್ಥ ಬಿಡಿಸಿಕೊಂಡ ಕಿವಿ, ನಿಲುಗಡೆ ಕಿರಿದಾಗಿದ್ದರೂ ಸಾಲನ್ನು ತಾನೇ ಗುರುತಿಸಬಲ್ಲದು.